ಯಾವ ದಿನದ ಕಾರು?

ನಮ್ಮ ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಓಡಿಸುವುದು ಹಾಗಿರಲಿ, ಕಾರಿನಲ್ಲಿ ಕೂತರೆ ಮೊದಲನೇ ತಿರುವಿಗೆ ಮಾತು ನಿಲ್ಲುತ್ತದೆ, ಎರಡನೆಯದಕ್ಕೆ ಮುಖ ಬಿಳಿಚಿಕೊಳ್ಳುತ್ತದೆ, ಮೂರನೆಯದಕ್ಕೆ "ನಿಲ್ಸಿ, ನಿಲ್ಸಿ" ಎಂದು ಬಾಗಿಲಿನ ಹಿಡಿ ಹುಡುಕುತ್ತಾರೆ. ಅರವತ್ತನಾಲ್ಕು ವಯಸ್ಸಾದರೂ ಇವತ್ತಿಗೂ ಸೈಕಲ್ಲೇ. ಇಂಥ ಮನುಷ್ಯ ಮನೆಯಲ್ಲಿ ಕೂತು ರೇಸ್ ಕಾರು ಮಾಡುತ್ತಾರೆ ಎಂದರೆ ಯಾರಿಗಾದರೂ ನಗು ಬರುತ್ತದೆ. ನನಗಂತೂ ಇಪ್ಪತ್ತು ವರ್ಷದಿಂದ ಬರುತ್ತಲೇ ಇದೆ. ಒಂದೇ ಒಂದು ಸಲ ನಗುವುದನ್ನು ನಿಲ್ಲಿಸಿದ್ದೆ. ಅದನ್ನೇ ಈಗ ಹೇಳಹೊರಟಿದ್ದೇನೆ. ಹೇಳಿದರೆ ಹೋಗುವುದು ನನ್ನ ಮಾನವೇ. ಹೋಗಲಿ.

ಭಾವನ ಹೊಟ್ಟೆಪಾಡಿನ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಹಲ್ಲಿನ ಡಾಕ್ಟರ ಹತ್ತಿರ ಬಾಯಿಯ ಅಚ್ಚು ಕೊಟ್ಟು ಬರುತ್ತೇವಲ್ಲ, ಆ ಅಚ್ಚು ಕೊನೆಗೆ ಹೋಗಿ ಸೇರುವುದು ಇಂಥವರ ಮೇಜಿಗೆ. ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಾರೆ. ಊರಿನಲ್ಲಿ ಅರ್ಧ ಜನ ಭಾವನ ಹಲ್ಲಿನಲ್ಲೇ ಊಟ ಮಾಡುತ್ತಾರೆ, ಆದರೆ ಅವರ ಮುಖ ಕಂಡವರು ಕಡಿಮೆ. ಭಾವನಿಗೂ ಮುಖದ ಗುರುತಿಲ್ಲ. ದಾರಿಯಲ್ಲಿ ಯಾರಾದರೂ ನಕ್ಕರೆ, "ಇವರದು ಮೇಲಿನ ಸೆಟ್ಟು ನಂದೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ನನಗೆ ಹೇಸಿಗೆಯಾಗುತ್ತದೆ.

ಸಾಯಂಕಾಲ ಮನೆಗೆ ಬಂದರೆ ಅದೇ ಮೇಣದ ಚಾಕು, ಅದೇ ಸಣ್ಣ ಗರಗಸ, ಅದೇ ಗಾರೆಯಂಥ ಪುಡಿ. ಆದರೆ ಹಲ್ಲಿನ ಬದಲು ಕಾರು. ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಅಂಗೈ ಮೇಲೆ ಕೂರುತ್ತದೆ. ಅದೂ ಎಲ್ಲ ಕಾರಲ್ಲ. ನಮ್ಮ ಊರ ಹೊರಗೆ ಒಂದು ಕಾಲಕ್ಕೆ ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕ್ ಇತ್ತು, ಈಗ ಅಲ್ಲಿ ಗೋದಾಮುಗಳಿವೆ. ಪ್ರತಿ ಭಾನುವಾರ ಅಲ್ಲಿ ಸ್ಟಾಕ್ ಕಾರ್ ರೇಸ್ ನಡೆಯುತ್ತಿತ್ತು. ಸ್ಟಾಕ್ ಕಾರು ಎಂದರೆ ದೊಡ್ಡ ದೊಡ್ಡ ಕಂಪನಿಯವರು ಕಟ್ಟಿದ ರೇಸ್ ಕಾರಲ್ಲ. ನಿನ್ನೆ ಮೊನ್ನೆಯವರೆಗೆ ಬೀದಿಯಲ್ಲಿ ತರಕಾರಿ ತರಲು ಹೋಗುತ್ತಿದ್ದ ಹಳೇ ಕಾರೇ. ಸೀಟು, ಗಾಜು, ದೀಪ ಎಲ್ಲ ಕಿತ್ತುಹಾಕಿ, ಒಳಗೆ ಕಬ್ಬಿಣದ ಪೈಪು ಬೆಸೆದು, ಬಾನೆಟ್ ಮೇಲೆ ಒಂದು ನಂಬರು ಬರೆದರೆ ರೇಸಿಗೆ ತಯಾರು. ಮೆಕ್ಯಾನಿಕ್ಕು, ಲಾರಿ ಡ್ರೈವರು, ಕಟುಕ, ಬಡಗಿ, ಇಂಥವರೇ ಓಡಿಸುತ್ತಿದ್ದರು. ಆ ಕಾರುಗಳಲ್ಲಿ ಒಂದೂ ಈಗ ಉಳಿದಿಲ್ಲ. ಉಳಿದಿರುವುದು ಭಾವನ ಕಪಾಟಿನಲ್ಲಿ ಮಾತ್ರ.

ನಮ್ಮ ಅಕ್ಕನ ಗೋಳು ಕೇಳಬೇಕು ನೀವು. ಕಾರಿನ ಚಕ್ರಕ್ಕೆ ಮೆತ್ತಲು ಭಾವ ಆ ಟ್ರ್ಯಾಕಿನ ಮಣ್ಣನ್ನೇ ಡಬ್ಬಿಯಲ್ಲಿ ತುಂಬಿಸಿಟ್ಟಿದ್ದಾರೆ. ಮಣ್ಣು ನುಣ್ಣಗಾಗಬೇಕಲ್ಲ, ಅಡುಗೆಮನೆಯ ಟೀ ಸೋಸುವ ಜಾಲರಿಯಲ್ಲೇ ಸೋಸುತ್ತಾರೆ. "ಇವರನ್ನ ಕಟ್ಕೊಂಡು ಟೀ ಜೊತೆ ರೇಸ್ ಟ್ರ್ಯಾಕ್ ಕುಡೀತಾ ಇದೀನಿ ಕಣೇ" ಎಂದು ಅಕ್ಕ ನನ್ನ ಹತ್ತಿರ ಹಣೆ ಚಚ್ಚಿಕೊಳ್ಳುತ್ತಾಳೆ. ನನ್ನ ಹಳೇ ಕೈಚೀಲದ ಜಿಪ್ಪು ಹೋಗಿ ಯಾವುದೋ ಕಾರಿನ ಸೀಟ್ ಬೆಲ್ಟಾಗಿದೆ. ಕೇಳಿದ್ದರೆ ಕೊಡುತ್ತಿದ್ದೆ. ಕೇಳಲಿಲ್ಲ.

ಯಾರಾದರೂ ತಮ್ಮ ತಂದೆಯ ಕಾರೋ ಚಿಕ್ಕಪ್ಪನ ಕಾರೋ ಮಾಡಿಕೊಡಿ ಎಂದು ಬಂದರೆ ಭಾವ ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ದಿನದ ಕಾರು?" ಬಂದವರು ಕಕ್ಕಾಬಿಕ್ಕಿಯಾಗುತ್ತಾರೆ. ಭಾವ ನಿಧಾನವಾಗಿ ಬಿಡಿಸಿ ಹೇಳುತ್ತಾರೆ: ಆ ಕಾರುಗಳು ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುತ್ತಿರಲಿಲ್ಲ, ಇವತ್ತು ಗುದ್ದಿಸಿಕೊಂಡರೆ ಮುಂದಿನ ಭಾನುವಾರಕ್ಕೆ ಬೇರೆ ಕಾರಿನ ಬಾಗಿಲು ಬರುತ್ತಿತ್ತು, ಆದ್ದರಿಂದ ದಿನ ಹೇಳಬೇಕು. ಒಬ್ಬರು "ನಮ್ಮಪ್ಪ ಗೆದ್ದ ದಿನದ್ದು" ಎಂದರು. ಭಾವ ಊರೆಲ್ಲ ತಿರುಗಿ ವಿಚಾರಿಸಿದರೆ, ಗೆದ್ದ ದಿನ ಆ ಕೆಂಪು ಕಾರಿಗೆ ಹಸಿರು ಬಾಗಿಲಿತ್ತಂತೆ, ಪಕ್ಕದ ಮನೆಯವರಿಂದ ಕಡ ತಂದದ್ದು. "ಚೆನ್ನಾಗಿ ಕಾಣಲ್ಲ, ಕೆಂಪೇ ಹಚ್ಚಿಬಿಡಿ" ಎಂದರು ಮಗ. "ಹಾಗಾದ್ರೆ ಗೆದ್ದ ದಿನ ಬಿಡಿ, ಸೋತ ದಿನದ್ದು ಮಾಡ್ಕೊಡ್ತೀನಿ, ಅವತ್ತು ಎರಡೂ ಕೆಂಪೇ" ಎಂದರು ಭಾವ. ಆಸಾಮಿ ಹಸಿರು ಬಾಗಿಲಿಗೇ ಒಪ್ಪಿಕೊಂಡು ಹೋದ.

ಇನ್ನು ನನ್ನ ವಿಷಯ. ನನ್ನದು ಫೋಟೋ ಸ್ಟುಡಿಯೋ. ನಮ್ಮಪ್ಪ ಇಟ್ಟದ್ದು. ಆ ಟ್ರ್ಯಾಕಿಗೆ ಅಪ್ಪನೇ ಫೋಟೋಗ್ರಾಫರು. ಅಪ್ಪ ಹೋದ ಮೇಲೆ ನಾನೇ ನಡೆಸಿಕೊಂಡು ಬಂದಿದ್ದೇನೆ. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನನ್ನು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಕೆಲಸದಲ್ಲಿ ಬೆರಳು ತೋರಿಸಿದವರು ಯಾರೂ ಇರಲಿಲ್ಲ. ಫೋಟೋದಲ್ಲಿ ಮೂಗು ದಪ್ಪ ಬಂತು ಎಂದು ಯಾರಾದರೂ ರಾಗ ಎಳೆದರೆ, "ಫೋಟೋ ಸುಳ್ಳು ಹೇಳಲ್ಲ, ಮನೇಲಿ ಕನ್ನಡಿ ನೋಡ್ಕೊಳ್ಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆ. ಸ್ಟುಡಿಯೋದ ಗೋಡೆಯಲ್ಲಿ, ಗಿರಾಕಿಗಳು ಕೂರುವ ಬೆಂಚಿನ ಎದುರಿಗೆ, ಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೋ ಇತ್ತು. ಎಂಟನೇ ನಂಬರಿನ ಕಾರು, ಮೂತಿಯಷ್ಟೇ ಕಾಣುವ ಹಾಗೆ ಮುಂದಿನಿಂದ ತೆಗೆದದ್ದು; ಬಾನೆಟ್ ಮೇಲೆ 8, ಅದರ ಕೆಳಗೆ ಕಂಬಿ ಕಂಬಿಯಾದ ಜಾಲರಿ, ಒಂದು ಪಕ್ಕದ ಮಡ್‌ಗಾರ್ಡು ಹಿಂಡಿ ಹಿಪ್ಪೆಯಾಗಿದೆ. ತೆಗೆದವರು ಅಪ್ಪ, ಪ್ರಿಂಟು ಹಾಕಿದವಳು ನಾನು. ಇಪ್ಪತ್ತೆರಡು ವರ್ಷದವಳಿದ್ದಾಗ, ಡಾರ್ಕ್ ರೂಮಿನಲ್ಲಿ ಒಬ್ಬಳೇ ಮಾಡಿದ ಮೊದಲ ದೊಡ್ಡ ಕೆಲಸ. ಪೇಪರಿನಲ್ಲೂ ಬಂದಿತ್ತು. ಬಂದವರಿಗೆಲ್ಲ ತೋರಿಸಿ ಮೆರೆದಿದ್ದೇ ಮೆರೆದಿದ್ದು.

ಆ ಕಾರು ಓಡಿಸುತ್ತಿದ್ದವರು ಎಂಟಣ್ಣ, ನಂಬರಿನಿಂದಲೇ ಬಂದ ಹೆಸರು. ಮೂವತ್ತನಾಲ್ಕು ವರ್ಷದ ಹಿಂದೆ, ಒಂದು ಭಾನುವಾರ, ಕೊನೇ ತಿರುವಿನಲ್ಲಿ ಎಂಟೂ ಮೂವತ್ತೊಂದೂ ತಾಗಿದವು. ಮೂವತ್ತೊಂದು ಪಲ್ಟಿ ಹೊಡೆದು ಹೊರಗೋಡೆಗೆ ಅಪ್ಪಳಿಸಿತು. ಅದರ ಡ್ರೈವರಿನ ಒಂದು ಕಾಲು ಹೋಯಿತು. ಧೂಳಿನಲ್ಲಿ ನೋಡಿದವರು ಯಾರೂ ಇಲ್ಲ. ಆ ಟ್ರ್ಯಾಕಿನಲ್ಲಿ ಕಾರುಗಳು ಯಾವಾಗಲೂ ಎಡಕ್ಕೇ ತಿರುಗುವುದು. ಅಂದರೆ ಡ್ರೈವರಿನ ಎಡಗಡೆ ಮೈದಾನ, ಬಲಗಡೆ ಗೋಡೆ. ಎಂಟಣ್ಣ ಬೇಕೆಂದೇ ಒಳಗಿನಿಂದ ನುಗ್ಗಿ ಮೂವತ್ತೊಂದನ್ನು ಗೋಡೆಗೆ ತಳ್ಳಿದ್ದಾರೆ ಎಂದು ಕೆಲವರು. ಹಾಗಾಗಿದ್ದರೆ ಪೆಟ್ಟು ಎಂಟರ ಬಲಗಡೆಗೆ ಬೀಳಬೇಕು. ತಾನು ಗೋಡೆಯ ಪಕ್ಕ ತನ್ನ ಪಾಡಿಗೆ ಹೋಗುತ್ತಿದ್ದಾಗ ಮೂವತ್ತೊಂದೇ ಒಳಗಿನಿಂದ ಜಾರಿ ಬಂದು ತಾಗಿ ಪಲ್ಟಿ ಹೊಡೆಯಿತು ಎಂದು ಎಂಟಣ್ಣ. ಹಾಗಾದರೆ ಪೆಟ್ಟು ಎಡಗಡೆಗೆ. ರೇಸ್ ಕಮಿಟಿಯವರು ವಿಚಾರಣೆಗೆ ಕೂರುವಷ್ಟರಲ್ಲಿ ಎರಡೂ ಕಾರು ಗುಜರಿಗೆ ಹೋಗಿದ್ದವು. ಉಳಿದಿದ್ದದ್ದು ಅಪಘಾತವಾದ ಕೂಡಲೇ ಅಪ್ಪ ತೆಗೆದು ನಾನು ಪ್ರಿಂಟು ಹಾಕಿದ ಆ ಫೋಟೋ. ಅದರಲ್ಲಿ ಪೆಟ್ಟು ಡ್ರೈವರಿನ ಬಲಗಡೆಗಿತ್ತು. ಎಂಟಣ್ಣನನ್ನು ಕಾಯಂ ಆಗಿ ರೇಸಿನಿಂದ ಹೊರಗೆ ಹಾಕಿದರು.

ಆಮೇಲೆ ಅವರು ಬೇಕರಿಯೊಂದರ ಬ್ರೆಡ್ ವ್ಯಾನು ಓಡಿಸಿಕೊಂಡು ಬದುಕಿದರು. ಅವರ ಹೆಂಡತಿ ಮಾತ್ರ ಆ ಫೋಟೋ ಪೇಪರಿನಲ್ಲಿ ಬಂದ ದಿನದಿಂದ ಗಂಡ ಓಡಿಸುವ ಯಾವ ಗಾಡಿಯಲ್ಲೂ ಕೂತಿಲ್ಲ. ಜಗಳವಿಲ್ಲ, ಮಾತು ಬಿಟ್ಟಿಲ್ಲ, ಸಂಸಾರ ಚೆನ್ನಾಗಿಯೇ ಮಾಡಿದರು. ಗಾಡಿ ಮಾತ್ರ ಹತ್ತಲಿಲ್ಲ. ಭಾನುವಾರ ಮಗಳ ಮನೆಗೆ ಇಬ್ಬರೂ ಹೊರಡುತ್ತಾರೆ. ಆಕೆ ಬಸ್ಸಿನಲ್ಲಿ, ಈತ ಬಸ್ಸಿನ ಹಿಂದೆ, ಖಾಲಿ ವ್ಯಾನಿನಲ್ಲಿ. ಬಸ್ಸು ನಿಂತಲ್ಲೆಲ್ಲ ನಿಂತು, ಅದು ಹೊರಟಾಗ ಹೊರಟು. ಊರಿನವರಿಗೆ ಇದೊಂದು ತಮಾಷೆ. ಸ್ಟುಡಿಯೋದ ಬಾಗಿಲಲ್ಲಿ ನಿಂತು ನಾನೂ ಹಲ್ಲು ಬಿಟ್ಟಿದ್ದೇನೆ.

ಹೋದ ವರ್ಷ ಒಂದು ಬೆಳಗ್ಗೆ ನಾನು ಅಕ್ಕನ ಮನೆಯಲ್ಲಿ ಟೀ ಕುಡಿಯುತ್ತಿದ್ದೆ, ಆ ಜಾಲರಿಯಲ್ಲಿ ಸೋಸಿದ ಟೀ. ಎಂಟಣ್ಣ ಬಂದರು. ಎಪ್ಪತ್ತು ದಾಟಿದ ಮನುಷ್ಯ, ಭುಜ ಇನ್ನೂ ಅಗಲ. ಕುರ್ಚಿಯ ಅಂಚಿನಲ್ಲಿ ಕೂತು, "ಹಲ್ಲಿನ ಮೇಷ್ಟ್ರೇ, ನನ್ನ ಕಾರು ಮಾಡ್ಕೊಡ್ತೀರಾ?" ಎಂದರು.

"ಯಾವ ದಿನದ ಕಾರು?"

"ಕೊನೇ ದಿನದ್ದು. ಪೆಟ್ಟು ಬಿದ್ದ ಮೇಲೆ ಹೆಂಗಿತ್ತೋ ಹಂಗೆ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅದನ್ಯಾಕೆ ಮಾಡಿಸ್ತೀರಿ? ಗೆದ್ದ ದಿನದ್ದು ಮಾಡಿಸ್ಕೊಳ್ಳಿ" ಎಂದೆ.

"ಗೆದ್ದಿದ್ದು ನೆನಪಿದೆ ತಾಯಿ" ಎಂದರು. "ಇದು ನೆನಪಿಲ್ಲ. ಮೊದಮೊದಲು ಎದೆ ತಟ್ಟಿ ಹೇಳ್ತಿದ್ದೆ, ಅವನೇ ಬಂದು ನನ್ನ ಎಡಗಡೆಗೆ ತಾಗಿದ್ದು ಅಂತ. ಆಮೇಲೆ ಫೋಟೋ ಬಂತು. ನನ್ನ ಹೆಂಡ್ತಿ ಫೋಟೋ ನೋಡಿದ್ಲು, ನನ್ನ ಮುಖ ನೋಡಿದ್ಲು, ಪೇಪರ್ ಮಡಚಿಟ್ಲು. ಆಮೇಲೆ ಹತ್ತು ವರ್ಷ ನಾನು ಹೇಳಿದ್ದೇ ಸರಿ ಅಂದ್ಕೊಂಡೆ. ಇನ್ನೊಂದು ಹತ್ತು ವರ್ಷ ಸುಮ್ನಿದ್ದೆ. ಈಗ ನಂಗೇ ಗೊತ್ತಿಲ್ಲ. ಒಬ್ಬ ಮನುಷ್ಯನ ಕಾಲು ತೆಗೆದು, ಸುಳ್ಳು ಹೇಳಿ, ಆ ಸುಳ್ಳನ್ನೇ ನಂಬ್ಕೊಂಡುಬಿಟ್ನಾ? ಅವನೂ ತೀರ್ಕೊಂಡ. ಇನ್ಯಾರನ್ನ ಕೇಳ್ಲಿ? ಕಾರನ್ನ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ನೋಡಿದ್ರೆ ನೆನಪಾಗುತ್ತೇನೋ ಅಂತ ಬಂದೆ. ತಳ್ಳಿದ್ರೆ ತಳ್ಳಿದೆ ಅಂತಾದ್ರೂ ಗೊತ್ತಾಗ್ಲಿ. ಗೊತ್ತಿಲ್ದೆ ಸಾಯೋದು ಬೇಡ."

ಭಾವ ಕನ್ನಡಕ ತೆಗೆದು ಒರೆಸಿದರು. ಏನು ಹೇಳಬೇಕೋ ತೋಚದಾಗ ಅವರು ಮಾಡುವುದೇ ಅದು. "ಮನೇಲಿ ಹಳೇ ಫೋಟೋ ಏನಾದ್ರೂ ಇದ್ರೆ ಕೊಡಿ" ಎಂದಷ್ಟೇ ಹೇಳಿದರು. ಎಂಟಣ್ಣ ಮಾರನೇ ದಿನ ಒಂದನ್ನು ತಂದುಕೊಟ್ಟರು: ಅದೇ ಕಾರು, ಅಪಘಾತದ ಹಿಂದಿನ ವಾರ, ಒಂದು ಸೈಕಲ್ ಅಂಗಡಿಯ ಮುಂದೆ. ಬಾನೆಟ್ಟಿಗೆ ಒರಗಿ ಅವರ ಹೆಂಡತಿ ನಗುತ್ತ ನಿಂತಿದ್ದಾರೆ. ಇನ್ನೊಂದು ಫೋಟೋ ನನ್ನ ಗೋಡೆಯದು. ಭಾವ ಸೈಕಲ್ಲಿನಲ್ಲಿ ಬಂದು ಅದನ್ನು ಇಳಿಸಿ, ಅಕ್ಕನ ಸೀರೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು.

ಎರಡು ತಿಂಗಳು ಕೆಲಸ ನಡೆಯಿತು. ಬಾನೆಟ್ಟು, ಛಾವಣಿ, ಪೈಪು, ಚಕ್ರ ಎಲ್ಲ ಆಯಿತು. ಒಂದು ಮಧ್ಯಾಹ್ನ ಭಾವ ನನಗೆ ಹೇಳಿಕಳಿಸಿದರು. ಹೋದರೆ ಮೇಜಿನ ಮೇಲೆ ಎರಡು ಫೋಟೋ, ನಡುವೆ ಕಾರು.

"ಈ ಜಾಲರಿ ನೋಡು" ಎಂದರು. "ನಿಂತಿರೋ ಕಂಬಿ ಒಂಬತ್ತು. ಅದ್ರಲ್ಲಿ ಒಂದು ಮುರಿದುಹೋಗಿ, ಅದರ ಜಾಗಕ್ಕೆ ಸರಳು ಇಟ್ಟು ಕೆಳಗೆ ತಂತಿ ಸುತ್ತಿದಾರೆ. ಸೈಕಲ್ ಅಂಗಡಿ ಫೋಟೋದಲ್ಲಿ ಆ ಸರಳು ಡ್ರೈವರಿನ ಎಡಗಡೆಯಿಂದ ಮೂರನೇದು. ನಿನ್ನ ಫೋಟೋದಲ್ಲಿ ಬಲಗಡೆಯಿಂದ ಮೂರನೇದು."

"ಒಂದು ವಾರದಲ್ಲಿ ಜಾಲರಿ ಬಿಚ್ಚಿ ತಲೆಕೆಳಗು ಹಾಕಿರ್ತಾರೆ. ಅದಕ್ಕೇನೀಗ?"

"ನಾನೂ ಹಂಗೇ ಅಂದ್ಕೊಂಡೆ. ತಲೆಕೆಳಗು ಹಾಕಿದ್ರೆ ತಂತಿ ಮೇಲೆ ಬರ್ಬೇಕಲ್ಲ? ಎರಡರಲ್ಲೂ ಕೆಳಗೇ ಇದೆ. ಸೈಕಲ್ ಅಂಗಡಿ ಬೋರ್ಡು ನೇರವಾಗಿ ಓದಕ್ಕೆ ಬರುತ್ತೆ, ನಿನ್ನ ಫೋಟೋದಲ್ಲಿ ಓದಕ್ಕೆ ಒಂದಕ್ಷರಾನೂ ಇಲ್ಲ."

ಆಮೇಲೆ ಭಾವ ಜೇಬಿನಿಂದ ಡಾಕ್ಟರು ಬಾಯಿಯೊಳಗೆ ಹಿಡಿಯುವ ಕಡ್ಡಿಯ ಕನ್ನಡಿ ತೆಗೆದರು. ಕೋರೆಹಲ್ಲು ಎಡಗಡೆಯದೋ ಬಲಗಡೆಯದೋ ಎಂದು ಅನುಮಾನ ಬಂದಾಗ ಅವರು ಅದರಲ್ಲೇ ನೋಡುವುದು. ಎರಡೂ ಕೋರೆ ನಮ್ಮ ಕಣ್ಣಿಗೆ ಒಂದೇ. ಅದಲು ಬದಲು ಕೂರಿಸಿದರೆ ನಗುವೇ ಕೆಡುತ್ತದೆ ಎನ್ನುತ್ತಾರೆ. ಆ ಕನ್ನಡಿಯನ್ನು ನನ್ನ ಫೋಟೋದ ಪಕ್ಕ ಹಿಡಿದು, "ಈಗ ನೋಡು" ಎಂದರು. ಬಗ್ಗಿ ನೋಡಿದೆ. ಕನ್ನಡಿಯೊಳಗಿನ ಜಾಲರಿ ಸೈಕಲ್ ಅಂಗಡಿಯ ಜಾಲರಿಯ ಹಾಗೇ ಇತ್ತು. ಬಾನೆಟ್ಟಿನ ಎಂಟು ಎಂಟಾಗಿಯೇ ಇತ್ತು. ಅದನ್ನು ಯಾವ ಕಡೆಯಿಂದ ನೋಡಿದರೂ ಅಷ್ಟೇ. ಪೆಟ್ಟು ಎಡಗಡೆಗಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. "ಅಂದ್ರೆ ನಾನು ನೆಗೆಟಿವ್ ತಿರುಗಾಮುರುಗಾ ಇಟ್ಟು ಪ್ರಿಂಟ್ ಹಾಕ್ದೆ ಅಂತೀರಾ?"

"ನಾನು ಹಂಗಂದೆನಾ?"

"ಮತ್ಯಾರು ಅಂದಿದ್ದು?"

"ಕನ್ನಡಿ" ಎಂದರು ಭಾವ, ಅದೂ ತಲೆ ಎತ್ತದೆ.

ನಾನು ಎದ್ದು ನಿಂತು ಬಾಯಿಗೆ ಬಂದ ಹಾಗೆ ಅಂದೆ. ಜೀವಮಾನವೆಲ್ಲ ಸತ್ತ ಕಾರಿಗೆ ಹಲ್ಲು ಕಟ್ಟಿಕೊಂಡು ಕೂತವರು ನನಗೆ ಫೋಟೋ ಹೇಳಿಕೊಡಬೇಕಾಗಿಲ್ಲ ಎಂದೆ. ಮೂರು ತಿರುವಿಗೆ ಹೊಟ್ಟೆ ತೊಳಸುವವರಿಗೆ ಟ್ರ್ಯಾಕಿನ ವಿಷಯ ಏನು ಗೊತ್ತು ಎಂದೆ. ಅಕ್ಕ ಅಡುಗೆಮನೆಯಿಂದ ಓಡಿ ಬಂದು, "ಲೇ, ಅವರ ಮುಂದೆ ಏನೇ ಅದು ಮಾತು?" ಎಂದಳು. ಅವಳಿಗೂ ಒಂದು ಅಂದು, ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಹನ್ನೊಂದು ದಿನ ಆ ಕಡೆ ತಲೆ ಹಾಕಲಿಲ್ಲ. ಗೋಡೆಯಲ್ಲಿ ಫೋಟೋ ಇದ್ದ ಜಾಗ ಚೌಕಾಕಾರವಾಗಿ ಬೆಳ್ಳಗಿತ್ತು. ಪಾಸ್‌ಪೋರ್ಟ್ ಫೋಟೋಗೆ ಬಂದವರು "ಇಲ್ಲೊಂದು ಕಾರಿತ್ತಲ್ಲ?" ಎಂದು ಕೇಳುವರು. ಹಾಳಾದ್ದು, ಅಷ್ಟು ವರ್ಷ ಅದು ಗೋಡೆಯಲ್ಲಿದ್ದಾಗ ತಾವಾಗಿ ಒಬ್ಬರೂ ಕತ್ತೆತ್ತಿ ನೋಡಿರಲಿಲ್ಲ. ಹನ್ನೊಂದನೇ ದಿನ ಅಂಗಡಿ ಅರ್ಧ ಬಾಗಿಲು ಹಾಕಿ ಅಪ್ಪನ ತಗಡಿನ ಪೆಟ್ಟಿಗೆ ಇಳಿಸಿದೆ. ಅಪ್ಪ ಶಿಸ್ತಿನ ಮನುಷ್ಯ. ಕವರಿನ ಮೇಲೆ ತಾರೀಕು, ಒಳಗೆ ನೆಗೆಟಿವು. ಹತ್ತೇ ನಿಮಿಷಕ್ಕೆ ಸಿಕ್ಕಿತು.

ನೆಗೆಟಿವಿಗೆ ಎರಡು ಮೈ. ಒಂದು ಹೊಳೆಯುತ್ತದೆ, ಇನ್ನೊಂದು ಮಂಕು. ಪ್ರಿಂಟು ಹಾಕುವಾಗ ಮಂಕು ಮೈ ಕೆಳಗೆ ಬರಬೇಕು; ಇಲ್ಲದಿದ್ದರೆ ಎಡ ಬಲವಾಗುತ್ತದೆ. ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಇದು. ಅಂಚಿನಲ್ಲಿ ಫಿಲಂ ಕಂಪನಿಯವರ ಅಂಕಿಗಳಿರುತ್ತವೆ. ಅವು ನೇರವಾಗಿ ಓದಲು ಬರುವಂತೆ ಹಿಡಿದರೆ ಚಿತ್ರವೂ ನೇರ. ಹಾಗೆಯೇ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ.

ಪೆಟ್ಟು ಬಿದ್ದ ಮಡ್‌ಗಾರ್ಡು ಹುಡುಕಿದೆ. ಎಡಗಡೆ.

ಆವತ್ತಿನದೆಲ್ಲ ಒಂದೊಂದೇ ನೆನಪಾಯಿತು. ಫೋಟೋ ತೆಗೆದ ಎರಡು ದಿನಕ್ಕೇ ಅಪ್ಪ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ವಿಚಾರಣೆಗೆ ಆ ಫೋಟೋ ಬೇಕೆಂದು ಕಮಿಟಿಯವರೊಬ್ಬರು ಬಾಗಿಲಲ್ಲೇ ಕಾರು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದರು. "ನಿಮ್ಮಪ್ಪ ಇಲ್ದಿದ್ರೆ ಆಗಲ್ವೇನಮ್ಮ?" ಎಂದು ಅವರು ಕೇಳಿದ್ದಕ್ಕೆ ನೆತ್ತಿಗೇರಿ, "ಯಾಕಾಗಲ್ಲ? ಕಾಲು ಗಂಟೆ ಕೊಡಿ" ಎಂದಿದ್ದೆ. ಕೋಪದಲ್ಲಿ ಡಾರ್ಕ್ ರೂಮಿಗೆ ನುಗ್ಗಿದವಳು ಯಾವ ಮೈ ಕೆಳಗಿಟ್ಟೆನೋ ನೋಡಲಿಲ್ಲ. ಅಪ್ಪ ಮನೆಗೆ ಬರುವಷ್ಟರಲ್ಲಿ ವಿಚಾರಣೆ ಮುಗಿದಿತ್ತು. ಕಟ್ಟು ಹಾಕಿಸಿದ ಫೋಟೋ ನೋಡಿ ಅವರು, "ಪ್ರಿಂಟು ಚೆನ್ನಾಗಿ ಬಂದಿದೆ ಮಗಳೇ" ಎಂದಿದ್ದರು. ನೂರಾರು ಕಾರು ತೆಗೆದವರಿಗೆ ಅದೊಂದರ ಎಡಬಲ ಹೇಗೆ ನೆನಪಿರಬೇಕು?

ಮುಚ್ಚಿಡುವುದೇಕೆ, ನನಗೊಂದು ಕೆಟ್ಟ ಯೋಚನೆಯೂ ಬಂತು. ನೆಗೆಟಿವು ಸಿಗಲಿಲ್ಲ ಎಂದರೆ ಯಾರು ಬಂದು ಹುಡುಕುತ್ತಾರೆ? ಮೇಜಿನ ಮೇಲೆ ಕತ್ತರಿಯಿತ್ತು. ಕೈಗೆ ತೆಗೆದುಕೊಂಡೂ ಆಯಿತು. ಆಗ ಬಸ್ಸಿನ ಹಿಂದೆ ಹೋಗುವ ಆ ವ್ಯಾನು ಕಣ್ಣ ಮುಂದೆ ಬಂತು. ಅದನ್ನು ನೋಡಿ ಬಾಗಿಲಲ್ಲಿ ನಿಂತು ನಕ್ಕಿದ್ದೆನಲ್ಲ, ಆ ನಗು ನೆನೆದು ನನಗೆ ನನ್ನ ಮೇಲೇ ಅಸಹ್ಯವಾಯಿತು. ಕತ್ತರಿ ಕೆಳಗಿಟ್ಟು ಅತ್ತೆ. ಅತ್ತು, ಮುಖ ತೊಳೆದು, ಅಪ್ಪನ ಹಳೇ ಪ್ರಿಂಟು ಹಾಕುವ ಯಂತ್ರದ ಧೂಳು ಒರೆಸಿ, ಮಂಕು ಮೈ ಕೆಳಗಿದೆಯೇ ಎಂದು ಮೂರು ಸಲ ನೋಡಿ, ಹೊಸ ಪ್ರಿಂಟು ಹಾಕಿದೆ.

ಭಾವನ ಮನೆಗೆ ಹೋದಾಗ ಕಾರು ಮೇಜಿನ ಮೇಲೆ ಹಾಗೆಯೇ ಇತ್ತು. ಬಣ್ಣವಾಗಿತ್ತು, ನಂಬರಾಗಿತ್ತು, ಚಕ್ರಕ್ಕೆ ಮಣ್ಣೂ ಮೆತ್ತಿತ್ತು. ಆದರೆ ಎರಡು ಮಡ್‌ಗಾರ್ಡೂ ನುಣ್ಣಗಿದ್ದವು, ಒಂದು ಗೀರೂ ಇಲ್ಲ.

"ಪೆಟ್ಟು ಹಾಕಿಲ್ವಾ?" ಎಂದೆ.

"ನೀನು ಬರ್ಲಿ ಅಂತಿದ್ದೆ" ಎಂದರು ಭಾವ. "ಕನ್ನಡಿ ಹೇಳೋದು ಅನುಮಾನ ಅಷ್ಟೇ. ಅದನ್ನ ನಂಬ್ಕೊಂಡು ಒಬ್ಬ ಮನುಷ್ಯನ ಕಾರಿಗೆ ಪೆಟ್ಟು ಹಾಕಕ್ಕಾಗುತ್ತಾ? ನೆಗೆಟಿವ್ ನೋಡ್ಬೇಕು. ಅದು ನಿನ್ನ ಹತ್ರ ಇರೋದು."

"ಹನ್ನೊಂದು ದಿನದಿಂದ ಕಾಯ್ತಾ ಇದೀರಾ? ನಾನು ಬರದೇ ಹೋಗಿದ್ರೆ?"

"ಬರ್ತೀಯ ಅಂತ ಗೊತ್ತಿತ್ತು. ಹದಿನೈದು ದಿನ ಆಗ್ಬೋದು ಅಂದ್ಕೊಂಡಿದ್ದೆ."

ಪ್ರಿಂಟು ಮುಂದಿಟ್ಟೆ. ಭಾವ ಎಷ್ಟೋ ಹೊತ್ತು ನೋಡಿದರು, ಕಂಬಿ ಎಣಿಸಿದರು. ಆಮೇಲೆ ಎಡಗಡೆಯ ತೆಳು ತಗಡನ್ನು ಮೇಣದ ಚಾಕುವಿನ ಹಿಡಿಯಿಂದ ಒಂದು ಸಲ ಒತ್ತಿ, ಮಡಚಿ, ಅಂಚನ್ನು ಇಕ್ಕಳದಲ್ಲಿ ಹರಿದರು. ಐದು ನಿಮಿಷದ ಕೆಲಸ. ನಾನು ಅವರಿಗೆ ಅಂದದ್ದಕ್ಕೆಲ್ಲ ತಪ್ಪಾಯಿತು ಭಾವ ಎಂದೆ. ಅವರು ಕನ್ನಡಕ ಒರೆಸಿಕೊಂಡರು.

ಆ ಭಾನುವಾರ ಎಂಟಣ್ಣನ ಮನೆಗೆ ಹೋದೆವು. ಭಾವ ಕಾರಿನ ಡಬ್ಬಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ತಳ್ಳಿಕೊಂಡು ಬಂದರು, ನಾನು ಪಕ್ಕದಲ್ಲಿ ನಡೆದೆ. ಬೇಕರಿಯ ಹಿಂದೆ ಎರಡು ಕೋಣೆಯ ಮನೆ. ಬಾಗಿಲಲ್ಲಿ ವ್ಯಾನು. ಒಳಗೆ ಎಂಟಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವರ ಹೆಂಡತಿ ಚೀಲ ಹಿಡಿದು ಬಸ್ಸಿಗೆ ತಯಾರಾಗಿ ನಿಂತಿದ್ದರು.

ಭಾವ ಡಬ್ಬಿ ಬಿಚ್ಚಿ ಕಾರನ್ನು ಎಂಟಣ್ಣನ ಅಂಗೈ ಮೇಲಿಟ್ಟರು. ಎಂಟಣ್ಣ ಅದನ್ನು ಮುಖದ ಹತ್ತಿರ ತಂದರು. ಹೆಬ್ಬೆರಳು ಬಲಗಡೆಯ ಮಡ್‌ಗಾರ್ಡ್ ಮೇಲೆ ಹೋಯಿತು. ಅಲ್ಲೇನೂ ಇರಲಿಲ್ಲ. ಎಡಗಡೆಗೆ ಬಂತು, ಆ ಹಳ್ಳದಲ್ಲಿ ನಿಂತಿತು.

"ಮೇಷ್ಟ್ರೇ, ಇದು ತಪ್ಪಾಗಿದೆ" ಎಂದರು ಮೆಲ್ಲಗೆ. "ಫೋಟೋದಲ್ಲಿ ಬಲಗಡೆಗಿತ್ತು."

ಭಾವ ನನ್ನ ಕಡೆ ನೋಡಲೂ ಇಲ್ಲ. ಹೇಳಬೇಕಾದವಳು ನಾನೇ. ನನ್ನ ನಾಲಿಗೆ ಹುಟ್ಟಿದಂದಿನಿಂದ ಅಷ್ಟು ಭಾರವಾಗಿದ್ದು ಅದೊಂದೇ ಸಲ.

"ಫೋಟೋ ತಪ್ಪು" ಎಂದೆ. "ನೀವು ಹೇಳಿದ್ದೇ ಸರಿ. ಪ್ರಿಂಟ್ ಹಾಕಿದ್ದು ನಾನು, ನೆಗೆಟಿವ್ ತಿರುಗಿಸಿ ಇಟ್ಟಿದ್ದು ನಾನು. ಪೆಟ್ಟು ಎಡಗಡೆಗೇ ಬಿದ್ದಿದ್ದು. ನೀವು ಯಾರನ್ನೂ ತಳ್ಳಿಲ್ಲ." ನೆಗೆಟಿವನ್ನೂ ಹೊಸ ಪ್ರಿಂಟನ್ನೂ ಮೇಜಿನ ಮೇಲಿಟ್ಟು, ಅಂಚಿನ ಅಂಕಿ, ಜಾಲರಿಯ ಸರಳು ಎಲ್ಲ ತೋರಿಸಿದೆ. "ಬೈಯಿರಿ" ಎಂದೆ. "ಏನು ಬೇಕಾದ್ರೂ ಬೈಯಿರಿ."

ಎಂಟಣ್ಣ ಹೆಬ್ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ. "ಎಡಗಡೆ" ಎಂದರು. ಮತ್ತೆ, "ಎಡಗಡೆನೇ" ಎಂದರು. ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ನಿಂತಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ನನಗೆ ಹೇಳಿದರು: "ಬೈತೀನಿ ತಾಯಿ. ಬೈಯೋದು ಬೇಕಾದಷ್ಟಿದೆ. ಇವತ್ತು ಬೇಡ. ಇವತ್ತು ಇದನ್ನ ನೋಡ್ಕೋತೀನಿ."

ಅವರ ಹೆಂಡತಿ ಚೀಲ ಕೆಳಗಿಟ್ಟು ಹತ್ತಿರ ಬಂದರು. ಗಂಡನ ಕೈಯಿಂದ ಕಾರು ತೆಗೆದುಕೊಂಡರು. ತಿರುಗಿಸಿ ಮುರುಗಿಸಿ ನೋಡಿ, ಜಾಲರಿಯ ತಂತಿಯನ್ನು ಉಗುರಿನಿಂದ ಮುಟ್ಟಿ, "ಈ ತಂತಿ ಸುತ್ತಿದ್ದು ನಾನು" ಎಂದರು. ಕಾರನ್ನು ಹುಷಾರಾಗಿ ಮೇಜಿನ ಮೇಲಿಟ್ಟು ಗಂಡನ ಕಡೆ ತಿರುಗಿದರು. "ಅವತ್ತು ಪೇಪರ್ ನೋಡಿದಾಗ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ಫೋಟೋನ ನಂಬಿದೆ, ನಿಮ್ಮನ್ನ ಬಿಟ್ಟೆ" ಎಂದರು. ನಾನೂ ಭಾವನೂ ನೆಲ ನೋಡುತ್ತ ನಿಂತೆವು.

ಆಕೆ ಗೋಡೆಯ ಗಡಿಯಾರ ನೋಡಿ, ಚೀಲ ಎತ್ತಿಕೊಂಡು ಹೊರಗೆ ಹೋದರು. ಬಸ್ಸಿಗೆ ಹೊರಟರು ಎಂದುಕೊಂಡೆ. ಹೊರಗೆ ವ್ಯಾನಿನ ಬಾಗಿಲು ಧಡ್ ಎಂದಿತು. ಎಂಟಣ್ಣ ಬೆಚ್ಚಿ ತಲೆ ಎತ್ತಿದರು.

"ಬರ್ತೀರೋ ಇಲ್ವೋ?" ಎಂದು ಹೊರಗಿನಿಂದ ದನಿ ಬಂತು. "ಮಗಳು ಕಾಯ್ತಾ ಇರ್ತಾಳೆ."

ಎಂಟಣ್ಣನಿಗೆ ಬೀಗದ ಕೈ ಯಾವ ಜೇಬಿನಲ್ಲಿದೆಯೆಂದೇ ತಿಳಿಯಲಿಲ್ಲ. ಮೂರು ಜೇಬು ತಡಕಾಡಿದರು. ನನ್ನ ಸ್ಟುಡಿಯೋ ಅದೇ ದಾರಿಯಲ್ಲಿ ಎಂದು ನಮ್ಮನ್ನೂ ಬಿಡಲಿಲ್ಲ. "ಇಲ್ಲ, ನಾನು ಸೈಕಲ್ಲಲ್ಲಿ..." ಎಂದು ಭಾವ ಹಿಂದೆ ಸರಿಯುತ್ತಿದ್ದರು, ಎಂಟಣ್ಣ ಆ ಸೈಕಲ್ಲನ್ನೇ ಎತ್ತಿ ವ್ಯಾನಿನ ಹಿಂಭಾಗಕ್ಕೆ ಹಾಕಿಬಿಟ್ಟರು. ನಾನೂ ಭಾವನೂ ಖಾಲಿ ಬ್ರೆಡ್ ಟ್ರೇಗಳ ಮೇಲೆ ಕೂತೆವು. ಮುಂದೆ ಗಂಡ ಹೆಂಡತಿ.

ಮುಖ್ಯರಸ್ತೆಗೆ ಬಂದರೆ ಎದುರಿಗೆ ಆ ಬಸ್ಸೇ. ಎಂಟಣ್ಣನ ಕಾಲು ತನ್ನಷ್ಟಕ್ಕೆ ಸಡಿಲವಾಯಿತೆಂದು ಕಾಣುತ್ತದೆ. ಬಸ್ಸು ನಿಂತಿತು, ವ್ಯಾನೂ ನಿಂತಿತು. ಬಸ್ಸು ಹೊರಟಿತು, ವ್ಯಾನೂ ಹೊರಟಿತು. ಎರಡನೇ ಸ್ಟಾಪಿನಲ್ಲೂ ಹಾಗೇ ಆಯಿತು. ಆಕೆ ಬಸ್ಸಿನ ಬೆನ್ನನ್ನು ನೋಡಿದರು, ಗಂಡನನ್ನು ನೋಡಿದರು.

"ಇನ್ನೂ ಯಾಕ್ರೀ ಅದರ ಹಿಂದೆ ಹೋಗ್ತಿದೀರಿ? ನಾನು ಇಲ್ಲೇ ಇದೀನಲ್ಲ" ಎಂದರು. "ಓವರ್‌ಟೇಕ್ ಮಾಡ್ರೀ."

ಎಂಟಣ್ಣ ಒಂದು ಸಲ ಕನ್ನಡಿ ನೋಡಿದರು, ಗೇರು ಬದಲಿಸಿದರು. ಆಮೇಲೆ ಆ ಹಳೇ ಬ್ರೆಡ್ ವ್ಯಾನು ಹೋದದ್ದನ್ನು ನಾನು ಹೇಳಿದರೆ ನೀವು ನಂಬುವುದಿಲ್ಲ. ಟ್ರೇಗಳು ಕುಣಿದವು, ಸೈಕಲ್ ಗಂಟೆ ತಾನಾಗಿ ಬಾರಿಸಿಕೊಂಡಿತು, ಬಸ್ಸಿನ ಕಿಟಕಿಗಳು ಒಂದೊಂದಾಗಿ ಹಿಂದೆ ಸರಿದವು. ಒಂದು ತಿರುವು ಬಂತು, ಇನ್ನೊಂದು ಬಂತು, ಮೂರನೆಯದೂ ಬಂತು. ನಾನು ಭಾವನ ಕಡೆ ನೋಡಿದೆ. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಎರಡು ಕೈಯಲ್ಲೂ ಟ್ರೇಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, ನಿಲ್ಲಿಸಿ ಎಂದು ಒಂದು ಸಲವೂ ಅನ್ನದೆ, ಕಣ್ಣು ಮುಚ್ಚಿ ಕೂತಿದ್ದರು.